ಒಂದು ಗ್ರಾಂ ಇದ್ದಿಲಿನಲ್ಲಿ 18 ಸೈಟು

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನವರ ಹತ್ತಿರ ಜಾಗದ ಮಾತಾಡಬೇಕಾದರೆ ಸೈಟಿನ ಲೆಕ್ಕದಲ್ಲೇ ಹೇಳಬೇಕು ಅಲ್ವಾ? ಒಳ್ಳೆಯ ಆಕ್ಟಿವೇಟೆಡ್ ಕಾರ್ಬನ್, ಅಂದರೆ ಒಳಗೆಲ್ಲ ಅತಿ ಸಣ್ಣ ರಂಧ್ರ ಕೊರೆದ ಇದ್ದಿಲು, ಒಂದು ಗ್ರಾಂ ತಗೊಂಡರೆ ಅದರೊಳಗಿನ ಮೇಲ್ಮೈ 2000 ಚದರ ಮೀಟರ್ ಇರಬಹುದು. ಅಂದರೆ ಸುಮಾರು 18 ಥರ್ಟಿ ಫಾರ್ಟಿ ಸೈಟು. ನಿಮ್ಮ ಮನೆಯ ವಾಟರ್ ಫಿಲ್ಟರ್ ಒಳಗೆ ಇರುವುದೂ ಇದೇ ಜಾತಿಯ ಇದ್ದಿಲು. ಕಲ್ಲಿದ್ದಲು ಸ್ಥಾವರದ ಹೊಗೆಯಿಂದ ಕಾರ್ಬನ್ ಡೈಆಕ್ಸೈಡ್ ಹಿಡಿಯಲು ಇದನ್ನು ಬಳಸುವುದು ಹೇಗೆ ಅನ್ನುವುದೇ ಇವತ್ತಿನ ಮಾತು.

ಹಾಗಾದರೆ ಜಾಗ ಇನ್ನೂ ಜಾಸ್ತಿ ಮಾಡಿದರೆ ಕಾರ್ಬನ್ ಡೈಆಕ್ಸೈಡ್ ಇನ್ನೂ ಜಾಸ್ತಿ ಸಿಗುತ್ತಾ? ಇಲ್ಲ. 3000 ಚದರ ಮೀಟರ್ ಬಂತು ಅಂತ ಹಿಗ್ಗುವವರನ್ನು ಕಂಡರೆ ನಾನು ಮೊದಲು ಕೇಳುವುದು, ರಂಧ್ರ ಎಷ್ಟು ಅಗಲ ಅಂತ. ಕಾರ್ಬನ್ ಡೈಆಕ್ಸೈಡ್ ಅಣುವಿನ ಅಗಲ ಸುಮಾರು 0.33 ನ್ಯಾನೊಮೀಟರ್. ರಂಧ್ರ 2-3 ನ್ಯಾನೊಮೀಟರ್ ಇದ್ದರೆ ಅಣು ಒಂದೇ ಗೋಡೆಗೆ ಅಂಟುತ್ತದೆ, ಸ್ವಲ್ಪ ಹೊತ್ತಿಗೆ ಬಿಟ್ಟು ಹೋಗುತ್ತದೆ. 0.5ರಿಂದ 0.7ರ ಒಳಗಿದ್ದರೆ ಎರಡೂ ಕಡೆಯ ಗೋಡೆ ಒಟ್ಟಿಗೆ ಎಳೆಯುತ್ತವೆ. ಕಲ್ಲಿದ್ದಲು ಸ್ಥಾವರದ ಹೊಗೆಯಲ್ಲಿ ಕಾರ್ಬನ್ ಡೈಆಕ್ಸೈಡ್ ಇರುವುದೇ ಶೇಕಡ 12ರಿಂದ 15, ಉಳಿದದ್ದು ಬಹುಪಾಲು ನೈಟ್ರೋಜನ್. ಅಷ್ಟು ತೆಳು ಗಾಳಿಯಲ್ಲಿ ದೊಡ್ಡ ರಂಧ್ರಗಳು ಸುಮ್ನೆ ಖಾಲಿ ಬಿದ್ದಿರುತ್ತವೆ.

ಇದನ್ನು ಮಾಡುವುದು ಹೇಗೆ? ತಿಪಟೂರು ಕಡೆಯ ತೆಂಗಿನ ಚಿಪ್ಪು ತನ್ನಿ. ಆಮ್ಲಜನಕ ಸೋಕದಂತೆ ಸುಟ್ಟು ಇದ್ದಿಲು ಮಾಡಿ, ಪುಡಿ ಮಾಡಿ, ಪೊಟ್ಯಾಶಿಯಂ ಹೈಡ್ರಾಕ್ಸೈಡ್ ಬೆರೆಸಿ. ಬೇಗ ಬೆರೆಸಬೇಕು, ಯಾಕೆಂದರೆ ಅದು ಗಾಳಿಯ ತೇವ ಎಳೆದುಕೊಂಡು ಕಣ್ಣೆದುರೇ ಅಂಟಂಟಾಗುತ್ತದೆ. ಅಲ್ಯುಮಿನಾ ಬಟ್ಟಲನ್ನೂ ಅದು ತಿಂದುಹಾಕುತ್ತದೆ, ಅದಕ್ಕೇ ನಿಕ್ಕಲ್ ಬಟ್ಟಲು. 600ರಿಂದ 800 ಡಿಗ್ರಿ ಶಾಖದಲ್ಲಿ ಈ ಪೊಟ್ಯಾಶಿಯಂ ಕ್ಷಾರ ಇಂಗಾಲವನ್ನು ಕೊರೆಯುತ್ತದೆ, ಶಾಖ ಜಾಸ್ತಿಯಾದರೆ ಹುಟ್ಟಿದ ಪೊಟ್ಯಾಶಿಯಂ ಪದರಗಳ ನಡುವೆ ನುಗ್ಗಿ ಅವನ್ನು ಅಗಲಿಸುತ್ತದೆ. ಆಮೇಲೆ ಆಸಿಡ್ಡಲ್ಲಿ ತೊಳೆದು, ನೀರಲ್ಲಿ ತೊಳೆದು, ಮತ್ತೆ ತೊಳೆದು... ನೀರಿನ ಬಿಲ್ಲು ಯಾವ ಸಂಶೋಧನಾ ಪ್ರಬಂಧದಲ್ಲೂ ಕಾಣುವುದಿಲ್ಲ ಬಿಡಿ. ಇಲ್ಲಿ ಕೈ ಬಿಗಿ ಹಿಡಿಯಬೇಕು. ಇದ್ದಿಲಿನ ನಾಲ್ಕು ಪಟ್ಟು ಕ್ಷಾರ ಸುರಿದು 800ಕ್ಕೆ ಏರಿಸಿದರೆ ಮೇಲ್ಮೈ ಸಂಖ್ಯೆ ಭರ್ಜರಿಯಾಗಿ ಬರುತ್ತದೆ, ಆದರೆ ರಂಧ್ರಗಳು ಅಗಲವಾಗಿಬಿಡುತ್ತವೆ. ಎರಡು ಪಟ್ಟು, 600 ಡಿಗ್ರಿ, ಇಷ್ಟರಲ್ಲೇ ಹೊಗೆಗೆ ಬೇಕಾದ ಇದ್ದಿಲು ಎಷ್ಟೋ ಸಲ ಸಿಗುತ್ತದೆ.

ಇನ್ನು ನೈಟ್ರೋಜನ್ ಸೇರಿಸುವ ಕಥೆ. ಇಂಗಾಲದ ಗೋಡೆಗೆ ನೈಟ್ರೋಜನ್ ಕೂರಿಸಿದರೆ ಕಾರ್ಬನ್ ಡೈಆಕ್ಸೈಡ್‌ಗೆ ಒಲವು ಹೆಚ್ಚುತ್ತದೆ ಅಂತ ಕೆಲವರು, ಅದೆಲ್ಲ ರಂಧ್ರದ ಅಳತೆಯ ಆಟ ಅಂತ ಇನ್ನು ಕೆಲವರು. ನಾನು ಎರಡನೇ ಗುಂಪಿನ ಕಡೆ ವಾಲುತ್ತೇನೆ. ಅದೂ ಅಲ್ಲದೆ ಹೊಗೆಯಲ್ಲಿ ನೀರಾವಿ ಧಾರಾಳವಾಗಿರುತ್ತದೆ. ಬರೀ ಇಂಗಾಲಕ್ಕೆ ನೀರು ಅಷ್ಟಾಗಿ ಹಿಡಿಸುವುದಿಲ್ಲ. ನೈಟ್ರೋಜನ್, ಆಮ್ಲಜನಕ ಕೂರಿಸಿದಿರೋ, ನೀರೇ ಮೊದಲು ಬಂದು ಕೂತುಬಿಡುತ್ತದೆ.

ಈಗ ರಾಯಚೂರಿನ ಲೆಕ್ಕ. ಶಕ್ತಿನಗರದ ಕಲ್ಲಿದ್ದಲು ಸ್ಥಾವರದಲ್ಲಿ 210 ಮೆಗಾವಾಟ್‌ನ ಏಳು ಘಟಕಗಳಿವೆ. ಕಲ್ಲಿದ್ದಲಿನ ಒಂದು ಯೂನಿಟ್ ಕರೆಂಟಿಗೆ ಹೆಚ್ಚೂಕಡಿಮೆ ಒಂದು ಕಿಲೋ ಕಾರ್ಬನ್ ಡೈಆಕ್ಸೈಡ್, ಹಾಗಾಗಿ ಪೂರ್ತಿ ಓಡುವ ಒಂದೇ ಘಟಕದಿಂದ ಗಂಟೆಗೆ 210 ಟನ್. ಒಂದು ಕಿಲೋ ಇದ್ದಿಲು ಒಂದು ಸುತ್ತಿಗೆ 44 ಗ್ರಾಂ ಹಿಡಿದು ಬಿಡುತ್ತದೆ ಅಂತ ಇಟ್ಟುಕೊಳ್ಳಿ. ಸುತ್ತಿಗೆ ಒಂದು ಗಂಟೆ ಹಿಡಿದರೆ ಸುಮಾರು 4800 ಟನ್ ಇದ್ದಿಲು ಬೇಕು. ಹತ್ತೇ ನಿಮಿಷ ಸಾಕಾದರೆ 800 ಟನ್. ಬೇಗ ಹಿಡಿಯುವುದು ಎಷ್ಟು ಮುಖ್ಯವೋ ಬೇಗ ಬಿಡುವುದೂ ಅಷ್ಟೇ ಮುಖ್ಯ. ಇದ್ದಿಲಿನ ಗೆಲುವು ಇರುವುದು ಇಲ್ಲೇ: ಇದೇ ಕೆಲಸಕ್ಕೆ ಬಳಸುವ ಅಮೀನ್ ಅನ್ನುವ ರಾಸಾಯನಿಕದ ದ್ರಾವಣ ಹಿಡಿದದ್ದನ್ನು ಬಿಡಬೇಕಾದರೆ ಅದನ್ನು 120 ಡಿಗ್ರಿಗೆ ಕಾಯಿಸಬೇಕು, ಇದ್ದಿಲಿಗೆ ನಿರ್ವಾತವೋ ಸ್ವಲ್ಪ ಶಾಖವೋ ಸಾಕು, ಹಿಡಿತ ಅಷ್ಟು ಸಡಿಲ.

ಆದರೆ ಪುಡಿಯನ್ನು ಹಾಗೇ ಗೋಪುರಕ್ಕೆ ತುಂಬಿದರೆ ಹೊಗೆ ದಾಟುವುದಿಲ್ಲ, ಗುಳಿಗೆ ಮಾಡಲೇಬೇಕು. ಗುಳಿಗೆಗೆ ಅಂಟು ಬೇಕು, ಆ ಅಂಟೇ ಕಷ್ಟಪಟ್ಟು ಕೊರೆದ ರಂಧ್ರಗಳ ಬಾಯಿ ಮುಚ್ಚಬಹುದು. ಲ್ಯಾಬಿನ ಹುಡುಗರು ಇನ್ನೊಂದು ಹೊಸ ಪುಡಿ ಮಾಡುವ ಬದಲು ಈ ಗುಳಿಗೆಯ ಮೇಲೆ ಒಂದಿಷ್ಟು ತಲೆ ಕೆಡಿಸಿಕೊಂಡರೆ ಚೆನ್ನ. ಹಿಂದೆ ಕೂತಿರುವವರು ಆಗಲೇ ಕೈ ಎತ್ತಿದ್ದರು, ಕೇಳಿ.