ಅಂತರರಾಷ್ಟ್ರೀಯ ವಿಜ್ಞಾನ ಸಂಘ ಎಲ್ಲ ರಾಷ್ಟ್ರಗಳದಾಗುವುದು ಹೇಗೆ?

ಮಾನ್ಯರೆ,

ಮೊದಲ ಮಹಾಯುದ್ಧ ಮುಗಿದ ಮೇಲೆ ಹುಟ್ಟಿದ ಅಂತರರಾಷ್ಟ್ರೀಯ ವಿಜ್ಞಾನ ಒಕ್ಕೂಟಗಳು ಜರ್ಮನಿಯನ್ನೂ ಅದರ ಮಿತ್ರ ದೇಶಗಳನ್ನೂ ನಿಯಮ ಮಾಡಿಯೇ ಹೊರಗಿಟ್ಟವು. 1926ರಲ್ಲಿ ಆ ನಿಯಮ ರದ್ದಾಯಿತು. ಬರೆದಿಟ್ಟ ಬಹಿಷ್ಕಾರವನ್ನು ಅಳಿಸಲು ಏಳೆಂಟು ವರ್ಷ ಸಾಕಾಯಿತು. ಇನ್ನೊಂದು ಬಗೆಯ ಬಹಿಷ್ಕಾರವನ್ನು ನೋಡಿ. ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಸ್ಥಾಪನೆಯಾದದ್ದು 1919ರಲ್ಲಿ. ಅದರ ಮಹಾಸಭೆ ಆಫ್ರಿಕಾ ಖಂಡದಲ್ಲಿ ಮೊದಲ ಸಲ ಸೇರಿದ್ದು 2024ರ ಆಗಸ್ಟ್‌ನಲ್ಲಿ, ಕೇಪ್‌ಟೌನ್‌ನಲ್ಲಿ. ಗಣಿತಜ್ಞರ ಅಂತರರಾಷ್ಟ್ರೀಯ ಮಹಾಸಮ್ಮೇಳನ 1897ರಲ್ಲಿ ಜ್ಯೂರಿಕ್‌ನಲ್ಲಿ ಶುರುವಾಗಿ, ಭೂಮಧ್ಯರೇಖೆ ದಾಟಿ ದಕ್ಷಿಣಕ್ಕೆ ಬಂದದ್ದು 2018ರಲ್ಲಿ, ರಿಯೊ ಡಿ ಜನೈರೊಗೆ. ದಕ್ಷಿಣಕ್ಕೆ ಹೋಗಬಾರದೆಂದು ಯಾರೂ ಬರೆದಿಟ್ಟಿರಲಿಲ್ಲ. ಬರೆದಿಲ್ಲದ್ದರಿಂದಲೇ ಅಳಿಸುವುದಕ್ಕೂ ಏನೂ ಇರಲಿಲ್ಲ, ಒಂದು ಶತಮಾನ ಕಳೆಯಿತು.

ಆದ್ದರಿಂದ ಇಂದು ಸದ್ಭಾವನೆಯ ಬಗ್ಗೆ ಮಾತಾಡುವುದಿಲ್ಲ. ಸಂಘಗಳಲ್ಲಿ ಅದಕ್ಕೇನೂ ಕೊರತೆಯಿಲ್ಲ. ಸಂಶೋಧಕರು ಹೊರಗುಳಿಯುವುದು ಶುಲ್ಕದ ಫಾರ್ಮಿನಲ್ಲಿ, ಸಮ್ಮೇಳನದ ದಿನಾಂಕಪಟ್ಟಿಯಲ್ಲಿ, ಖಜಾಂಚಿಯ ಪಾವತಿ ಕ್ರಮದಲ್ಲಿ, ಮತ ಎಣಿಸುವ ವಿಧಾನದಲ್ಲಿ. ಅಲ್ಲಿ ಹೊರಗುಳಿದವರನ್ನು ಒಳಗೆ ತರಬೇಕಾದರೆ ಅಲ್ಲಿಯೇ, ಬರವಣಿಗೆಯಲ್ಲಿ, ಬೇರೆ ನಿಯಮ ಬರಬೇಕು.

ಸದಸ್ಯತ್ವ ಶುಲ್ಕದಿಂದ ಆರಂಭಿಸೋಣ. ಹಲವು ಸಂಘಗಳು ಈಗ ದೇಶದ ಆದಾಯ ನೋಡಿ ರಿಯಾಯಿತಿ ಕೊಡುತ್ತವೆ. ಅದಕ್ಕೆ ಆಧಾರ ಸಾಮಾನ್ಯವಾಗಿ ವಿಶ್ವಬ್ಯಾಂಕ್‌ನ ನಾಲ್ಕು ಆದಾಯ ವರ್ಗಗಳು. ಈ ಪಟ್ಟಿ ಪ್ರತಿ ಜುಲೈ 1ರಂದು ಹೊಸದಾಗುತ್ತದೆ. ಒಂದು ದೇಶದ ತಲಾ ಆದಾಯ ಗೆರೆಯಿಂದ ಕೊಂಚ ಮೇಲೆ ಹೋದರೆ ಅಲ್ಲಿನ ಸಂಶೋಧಕರ ಶುಲ್ಕ ಒಮ್ಮೆಲೇ ನೆಗೆಯುತ್ತದೆ, ಅವರ ವೇತನ ಮಾತ್ರ ಇದ್ದಲ್ಲೇ ಇರುತ್ತದೆ. ದೇಶ ಮೇಲಿನ ವರ್ಗಕ್ಕೆ ಹೋದ ಮೇಲೂ ಮೂರು ವರ್ಷ ಹಳೆಯ ದರವನ್ನೇ ಉಳಿಸಿಕೊಳ್ಳುವುದು ಸುಲಭದ ಪರಿಹಾರ. ಇನ್ನೂ ಒಳ್ಳೆಯದು, ಮೂರೋ ನಾಲ್ಕೋ ದರಗಳನ್ನು ಮುಂದಿಟ್ಟು, ತಮಗೆ ಹೊಂದುವುದನ್ನು ಸದಸ್ಯರೇ ಆರಿಸಿಕೊಳ್ಳಲು ಬಿಡುವುದು. ಪ್ರಮಾಣಪತ್ರ ಕೇಳಬಾರದು. ಶ್ರೀಮಂತ ದೇಶದಲ್ಲಿ ಅನುದಾನವಿಲ್ಲದೆ ಇರುವ ವಿದ್ಯಾರ್ಥಿಗೂ ಇದು ಅನುಕೂಲ. ಒಂದು ಮಾತಂತೂ ಖಚಿತ: ಮನ್ನಾ ಇದ್ದರೆ ಅದು ತಾನಾಗಿಯೇ ಸಿಗಬೇಕು. ‘ಮನವಿ ಸಲ್ಲಿಸಿದಲ್ಲಿ ಪರಿಶೀಲಿಸಲಾಗುವುದು’ ಎಂದು ಬರೆದ ಕೂಡಲೇ, ಅರ್ಹರಲ್ಲಿ ಸಂಕೋಚವಿರುವವರೆಲ್ಲ ಅರ್ಜಿ ಹಾಕದೆ ಸುಮ್ಮನಾಗುತ್ತಾರೆ.

ಶುಲ್ಕ ಇಳಿಸಿದರೂ ಹಣ ತಲುಪಬೇಕಲ್ಲ! ಇಲ್ಲಿ ಎಡವದ ಸಂಘ ಕಡಿಮೆ. ವಿದೇಶಿ ವಿನಿಮಯ ನಿರ್ಬಂಧವಿರುವ ದೇಶಗಳಲ್ಲಿ ಅಂತರರಾಷ್ಟ್ರೀಯ ಕಾರ್ಡ್ ಸಿಗುವುದೇ ಕಷ್ಟ. ಬ್ಯಾಂಕ್ ಮೂಲಕ ಕಳುಹಿಸಿದರೆ ಮೊತ್ತ ಎಷ್ಟೇ ಇರಲಿ, ವರ್ಗಾವಣೆ ಶುಲ್ಕದಲ್ಲಿ ಒಂದು ಭಾಗ ನಿಗದಿಯಾಗಿಯೇ ಇರುತ್ತದೆ. 20 ಡಾಲರ್ ಸದಸ್ಯತ್ವಕ್ಕೆ ಕಳುಹಿಸುವ ಖರ್ಚೇ ಅಷ್ಟಾಗಬಹುದು. ತೊಂದರೆ ಹೊಸದಲ್ಲ. ವಿದೇಶಿ ಹಣವಿಲ್ಲದ ದೇಶಗಳು ಪುಸ್ತಕ ತರಿಸಿಕೊಳ್ಳಲೆಂದು ಯುನೆಸ್ಕೊ 1948ರಲ್ಲೇ ಕೂಪನ್ ವ್ಯವಸ್ಥೆ ತಂದಿತ್ತು: ಓದುಗರು ತಮ್ಮ ದೇಶದ ಹಣ ಕೊಟ್ಟು ಕೂಪನ್ ಕೊಳ್ಳುವುದು, ಮಾರಾಟಗಾರರು ಅದನ್ನು ಡಾಲರಿಗೆ ಬದಲಾಯಿಸಿಕೊಳ್ಳುವುದು. ಇಂದಿನ ಸಂಘಗಳೂ ಇದನ್ನೇ ಚಿಕ್ಕದಾಗಿ ಮಾಡಬಹುದು. ಆಯಾ ದೇಶದ ರಾಷ್ಟ್ರೀಯ ಸಂಘ ಸ್ಥಳೀಯ ಹಣದಲ್ಲಿ ಶುಲ್ಕ ಪಡೆದು, ಅದನ್ನು ಅಲ್ಲಿಯೇ ಕಾರ್ಯಾಗಾರಕ್ಕೆ ಖರ್ಚು ಮಾಡಿ ಲೆಕ್ಕ ಕಳುಹಿಸಲಿ. ಹಣ ಗಡಿ ದಾಟಬೇಕಾದ ಅಗತ್ಯವೇ ಇರುವುದಿಲ್ಲ. ಅದಾಗದಿದ್ದರೆ ಮೂರು ವರ್ಷದ ಶುಲ್ಕವನ್ನು ಒಮ್ಮೆಲೇ ಪಡೆಯಿರಿ, ಕಳುಹಿಸುವ ಖರ್ಚಿನ ನಿಗದಿ ಭಾಗ ಮೂರರಲ್ಲೊಂದಾಗುತ್ತದೆ.

ದಿಗ್ಬಂಧನ ಎದುರಿಸುವ ದೇಶಗಳ ಸದಸ್ಯರ ವಿಷಯದಲ್ಲಿ ಸಂಘಗಳು ಕಾನೂನು ಹೇಳಿದ್ದಕ್ಕಿಂತ ಹೆಚ್ಚು ಹೆದರುತ್ತವೆ. ಅಮೆರಿಕದಲ್ಲಿ ನೆಲೆಸಿದ ಎಂಜಿನಿಯರುಗಳ ಸಂಘ ಐಇಇಇ 2002ರಲ್ಲಿ ಇರಾನ್ ಮುಂತಾದ ದೇಶಗಳ ಸದಸ್ಯರಿಗೆ ಹಲವು ಸೇವೆಗಳನ್ನು ನಿಲ್ಲಿಸಿತು, ಅವರ ಪ್ರಬಂಧಗಳನ್ನು ತಿದ್ದಲೂ ಹಿಂಜರಿಯಿತು. ಪ್ರಬಂಧ ವಿಮರ್ಶೆಗೂ ಸಂಪಾದನೆಗೂ ಪರವಾನಗಿ ಬೇಕಿಲ್ಲ ಎಂಬ ಸ್ಪಷ್ಟನೆ ಅಲ್ಲಿನ ಖಜಾನೆ ಇಲಾಖೆಯಿಂದ ಬಂದದ್ದು 2004ರಲ್ಲಿ. ಯಾವ ಸೇವೆಗೆ ನಿಜವಾಗಿ ತಡೆಯಿದೆ, ಯಾವುದಕ್ಕೆ ಇಲ್ಲ ಎಂದು ವಕೀಲರಿಂದ ಬರೆಸಿಕೊಂಡು ಸದಸ್ಯರ ಮುಂದಿಡುವುದು ಕಾರ್ಯದರ್ಶಿಯ ಕರ್ತವ್ಯ. ಅನುಮಾನ ಬಂದಾಗ ಸದಸ್ಯರನ್ನು ಕೈಬಿಡುವುದು ಎಚ್ಚರಿಕೆಯಲ್ಲ, ಅನ್ಯಾಯ.

ಈಗ ವೀಸಾ. ಅತಿ ಹೆಚ್ಚು ನೋವು ಇಲ್ಲಿದೆ, ಸಂಘಕ್ಕೆ ಇರುವ ಶಕ್ತಿಯೂ ಇಲ್ಲಿ ನಾವೆಣಿಸುವುದಕ್ಕಿಂತ ಹೆಚ್ಚು. ಎಚ್‌ಐವಿ ಸೋಂಕಿತರಿಗೆ ಅಮೆರಿಕ ಪ್ರವೇಶ ನಿರಾಕರಿಸುತ್ತಿದ್ದಾಗ, 1992ರಲ್ಲಿ ಬಾಸ್ಟನ್‌ನಲ್ಲಿ ನಡೆಯಬೇಕಿದ್ದ ಅಂತರರಾಷ್ಟ್ರೀಯ ಏಡ್ಸ್ ಸಮ್ಮೇಳನವನ್ನು ಸಂಘಟಕರು ಆಮ್‌ಸ್ಟರ್‌ಡ್ಯಾಮ್‌ಗೆ ಒಯ್ದರು. 2010ರಲ್ಲಿ ಆ ನಿಷೇಧ ಹೋದ ನಂತರವೇ, 2012ರಲ್ಲಿ, ಸಮ್ಮೇಳನ ಮತ್ತೆ ಅಮೆರಿಕಕ್ಕೆ ಬಂತು. ಇನ್ನೊಂದು ಕ್ಷೇತ್ರದ ಉದಾಹರಣೆ: 2018ರಲ್ಲಿ ಮಾಂಟ್ರಿಯಲ್‌ನ ದೊಡ್ಡ ಕೃತಕ ಬುದ್ಧಿಮತ್ತೆ ಸಮ್ಮೇಳನಕ್ಕೆ ಬರಬೇಕಿದ್ದ ಅನೇಕ ಆಫ್ರಿಕನ್ ಸಂಶೋಧಕರಿಗೆ ವೀಸಾ ಸಿಗಲಿಲ್ಲ. ಅದೇ ಕ್ಷೇತ್ರದ ಐಸಿಎಲ್‌ಆರ್ ಸಮ್ಮೇಳನ 2020ಕ್ಕೆ ಇಥಿಯೋಪಿಯಾದ ಆಡಿಸ್ ಅಬಾಬಾವನ್ನು ಆರಿಸಿಕೊಂಡಿತು. ಕೋವಿಡ್‌ನಿಂದಾಗಿ ಅದು ಆನ್‌ಲೈನ್‌ಗೆ ಹೋದರೂ, 2023ರಲ್ಲಿ ರುವಾಂಡಾದ ಕಿಗಾಲಿಯಲ್ಲಿ ನಡೆಯಿತು. ಸ್ಥಳ ಬದಲಾಯಿಸುವುದು ಸಂಘದ ಕೈಯಲ್ಲೇ ಇದೆ.

ಹಾಗಾಗಿ ಸಭಾಂಗಣಕ್ಕೆ ಮುಂಗಡ ಕೊಡುವ ಮೊದಲು ಒಂದು ಲೆಕ್ಕ ಮಾಡಬೇಕು: ನಮ್ಮ ಸದಸ್ಯರಲ್ಲಿ ಎಷ್ಟು ಮಂದಿಗೆ ಆ ದೇಶಕ್ಕೆ ವೀಸಾ ಬೇಕು? ಅವರ ದೇಶಗಳಲ್ಲಿ ಆ ದೂತಾವಾಸವಾದರೂ ಇದೆಯೇ, ಅಥವಾ ಅರ್ಜಿ ಹಾಕಲು ಪಕ್ಕದ ದೇಶಕ್ಕೆ ಹೋಗಬೇಕೇ? ಆತಿಥ್ಯ ಕೇಳುವವರು ತಮ್ಮ ವಿದೇಶಾಂಗ ಇಲಾಖೆಯ ಲಿಖಿತ ಭರವಸೆಯನ್ನು ಅರ್ಜಿಯ ಜೊತೆಗೇ ಕೊಡಬೇಕು. ಇದಾದ ಮೇಲೆ ದಿನಾಂಕಗಳು. ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ಷೆಂಗೆನ್ ವೀಸಾವನ್ನೇ ನೋಡಿ. ಪ್ರಯಾಣಕ್ಕೆ ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು. ತೀರ್ಮಾನಕ್ಕೆ 15 ದಿನ, ಕೆಲವೊಮ್ಮೆ 45 ದಿನ. ಅದಕ್ಕೂ ಮುಂಚೆ ಸಂದರ್ಶನದ ದಿನ ಸಿಗಲು ವಾರಗಟ್ಟಲೆ ಕಾಯಬೇಕು. ಪ್ರಬಂಧ ಆಯ್ಕೆಯ ಫಲಿತಾಂಶವನ್ನು ಸಮ್ಮೇಳನಕ್ಕೆ ಎರಡೂವರೆ ತಿಂಗಳಿದ್ದಾಗ ತಿಳಿಸಿದರೆ, ವೀಸಾ ಬೇಕಿಲ್ಲದವರಿಗಷ್ಟೇ ಅದು ಸಕಾಲ. ಐದು ತಿಂಗಳು ಮೊದಲು ತಿಳಿಸಬೇಕು, ಅದಕ್ಕೆ ತಕ್ಕಂತೆ ಸಾರಾಂಶ ಕಳುಹಿಸುವ ಗಡುವನ್ನೂ ಹಿಂದಕ್ಕೆ ತರಬೇಕು.

ಆಹ್ವಾನ ಪತ್ರದಲ್ಲಿ ಪಾಸ್‌ಪೋರ್ಟಿನಲ್ಲಿರುವಂತೆಯೇ ಹೆಸರು, ಪಾಸ್‌ಪೋರ್ಟ್ ಸಂಖ್ಯೆ, ಪ್ರಬಂಧದ ಶೀರ್ಷಿಕೆ, ಬರುವ ಹೋಗುವ ದಿನಾಂಕ, ಯಾವ ಖರ್ಚನ್ನು ಯಾರು ಭರಿಸುತ್ತಾರೆ ಎಂಬ ವಿವರ, ವಿಚಾರಿಸಿದರೆ ಫೋನ್ ಎತ್ತುವ ಅಧಿಕಾರಿಯ ಹೆಸರು ಇರಬೇಕು. ಖರ್ಚಿನ ಸಾಲು ಬಿಟ್ಟುಹೋದರೆ, ಸಾಕಷ್ಟು ಹಣಬಲ ಕಾಣುತ್ತಿಲ್ಲವೆಂದು ಅರ್ಜಿ ತಿರಸ್ಕೃತವಾಗುವ ಸಾಧ್ಯತೆ ಹೆಚ್ಚು. ಎಷ್ಟೋ ಸಮ್ಮೇಳನಗಳು ನೋಂದಣಿ ಶುಲ್ಕ ಕಟ್ಟಿದ ಮೇಲೆಯೇ ಈ ಪತ್ರ ಕೊಡುತ್ತವೆ, ವೀಸಾ ಸಿಗದಿದ್ದರೆ ಶುಲ್ಕ ವಾಪಸಿಲ್ಲ ಎನ್ನುತ್ತವೆ. ಬರಲಾಗದವರಿಂದ ಹಣ ಕಿತ್ತುಕೊಳ್ಳುವ ಈ ಪದ್ಧತಿಗೆ ಯಾವ ಸಮರ್ಥನೆಯೂ ಇಲ್ಲ. ಪ್ರಬಂಧ ಸ್ವೀಕೃತವಾದ ದಿನವೇ ಪತ್ರ ಹೋಗಲಿ. ವೀಸಾ ನಿರಾಕರಣೆಯಾದರೆ ಪೂರ್ತಿ ಹಣ ಮರಳಲಿ, ಅದೇ ಹೊತ್ತಿನಲ್ಲಿ, ಅದೇ ಗೋಷ್ಠಿಯಲ್ಲಿ, ದೂರದಿಂದಲೇ ಪ್ರಬಂಧ ಮಂಡಿಸುವ ಹಕ್ಕು ಉಳಿಯಲಿ.

ಪ್ರಯಾಣ ಅನುದಾನದ ಕಥೆಯೂ ಇಂಥದ್ದೇ. ‘ರಸೀದಿ ಕೊಟ್ಟ ಮೇಲೆ ಮರುಪಾವತಿ’ ಎಂದರೆ, ಟಿಕೆಟ್ಟಿಗೆ ಹಲವು ತಿಂಗಳ ಸಂಬಳವನ್ನು ಮೊದಲೇ ಸುರಿಯಬಲ್ಲವರಿಗೆ ಮಾತ್ರ ಅನುದಾನ. ಟಿಕೆಟ್ಟನ್ನೂ ವಸತಿಯನ್ನೂ ಸಂಘವೇ ಕಾಯ್ದಿರಿಸಿ, ದಿನದ ಭತ್ಯೆಯನ್ನು ಬಂದಿಳಿದ ದಿನವೇ ಕೊಡಬೇಕು. ವೀಸಾ ಶುಲ್ಕ ಅನುದಾನದೊಳಗೆ ಸೇರಿರಲಿ. 2024ರ ಜೂನ್‌ನಿಂದ ವಯಸ್ಕರ ಷೆಂಗೆನ್ ಶುಲ್ಕವೇ 90 ಯೂರೊ, ಅರ್ಜಿ ತಿರಸ್ಕೃತವಾದರೂ ಅದು ಮರಳುವುದಿಲ್ಲ. 2014ರ ಸೋಲ್ ಗಣಿತ ಮಹಾಸಮ್ಮೇಳನ ಅಭಿವೃದ್ಧಿಶೀಲ ದೇಶಗಳ ಸಾವಿರ ಗಣಿತಜ್ಞರನ್ನು ಕರೆತರುವ ಯೋಜನೆ ಹಾಕಿಕೊಂಡಿತ್ತು. ದೊಡ್ಡ ಸಂಖ್ಯೆಯ ಗುರಿಯನ್ನು ಮೊದಲೇ ಘೋಷಿಸಿ ಅದಕ್ಕೆ ಹಣ ಹುಡುಕುವುದು, ಕೊನೆಯಲ್ಲಿ ಉಳಿದ ಹಣದಲ್ಲಿ ನಾಲ್ಕು ಜನರಿಗೆ ಟಿಕೆಟ್ ಕೊಡುವುದಕ್ಕಿಂತ ಬೇರೆಯೇ ಕೆಲಸ.

ಆನ್‌ಲೈನ್ ಸಭೆ ಇದೆಲ್ಲವನ್ನೂ ಬಗೆಹರಿಸಿತು ಎಂಬ ನಂಬಿಕೆ ಅರ್ಧ ಸರಿ. ಸಮಿತಿ ಸಭೆಗಳನ್ನು ಯಾವಾಗಲೂ ಗ್ರಿನಿಚ್ ಸಮಯ ಮಧ್ಯಾಹ್ನ 1 ಗಂಟೆಗೆ ಇಟ್ಟರೆ ನೈರೋಬಿಯಲ್ಲಿ ಸಂಜೆ 4, ಲಿಮಾದಲ್ಲಿ ಬೆಳಿಗ್ಗೆ 8, ಟೋಕಿಯೊದಲ್ಲಿ ರಾತ್ರಿ 10, ಆಕ್ಲೆಂಡ್‌ನಲ್ಲಿ ನಡುರಾತ್ರಿ ದಾಟಿದ ಹೊತ್ತು. ಆಕ್ಲೆಂಡ್‌ನವರು ಒಂದು ವರ್ಷ ನಿದ್ದೆಗೆಟ್ಟು ಬರುತ್ತಾರೆ, ಆಮೇಲೆ ರಾಜೀನಾಮೆ ಕೊಡುತ್ತಾರೆ. ಸಭೆಯನ್ನು ಎಂಟು ಗಂಟೆಗಳಂತೆ ಮೂರು ಸರದಿಯಲ್ಲಿ ತಿರುಗಿಸಿದರೆ ನಿದ್ದೆಗೆಡುವ ಸರದಿ ಎಲ್ಲರಿಗೂ ಬರುತ್ತದೆ. ಮತಕ್ಕೆ ಬರುವ ವಿಷಯಗಳಿಗೆ ಸಭೆ ಮುಗಿದ ಮೇಲೂ 72 ಗಂಟೆ ಮತದಾನ ತೆರೆದಿರಲಿ. ಸಂಪರ್ಕ ದುರ್ಬಲವಾಗಿರುವವರಿಗೆ ಸ್ಲೈಡುಗಳು ಹಿಂದಿನ ದಿನವೇ ಸಿಗಬೇಕು, ಧ್ವನಿಯೊಂದೇ ಇರುವ ದಾರಿಯೂ ಇರಬೇಕು.

ಭಾಷೆಯ ಬೆಲೆ ಎಷ್ಟೆಂದು ಇತ್ತೀಚೆಗೆ ಅಳೆದಿದ್ದಾರೆ. 8 ದೇಶಗಳ 908 ಪರಿಸರ ವಿಜ್ಞಾನಿಗಳ ಸಮೀಕ್ಷೆಯೊಂದು 2023ರಲ್ಲಿ ಪ್ರಕಟವಾಯಿತು. ಇಂಗ್ಲಿಷ್ ತಾಯ್ನುಡಿಯಲ್ಲದವರ ಪ್ರಬಂಧಗಳು ಭಾಷೆಯ ಕಾರಣಕ್ಕೆ ತಿರಸ್ಕೃತವಾಗುವುದು ಸುಮಾರು ಎರಡೂವರೆ ಪಟ್ಟು ಹೆಚ್ಚು, ಇಂಗ್ಲಿಷ್ ತಿದ್ದಿ ತನ್ನಿ ಎಂದು ಹಿಂದಿರುಗುವುದು ಹನ್ನೆರಡೂವರೆ ಪಟ್ಟು ಹೆಚ್ಚು. ಇದರಿಂದ ಸಂಘ ತೆಗೆದುಕೊಳ್ಳಬೇಕಾದ ಕ್ರಮ ನೇರವಾಗಿದೆ: ವಿಮರ್ಶಕರ ಅಂಕಪಟ್ಟಿಯಿಂದ ‘ಬರವಣಿಗೆಯ ಗುಣಮಟ್ಟ’ ಎಂಬ ಕಲಮನ್ನು ತೆಗೆಯಿರಿ. ಅರ್ಥವಾಗುತ್ತದೆಯೇ, ಇಲ್ಲವೇ ಎಂಬ ಒಂದೇ ಪ್ರಶ್ನೆ ಸಾಕು. ಅರ್ಥವಾಗುವ ಪ್ರಬಂಧವನ್ನು ವಿಜ್ಞಾನದ ಮೇಲೆ ಒಪ್ಪಿ, ಭಾಷೆ ತಿದ್ದುವ ಕೆಲಸವನ್ನು ನಂತರ ಸಂಘವೇ ವಹಿಸಿಕೊಳ್ಳಲಿ.

ಹೆಸರಿನ ಬೆಲೆಯನ್ನೂ ಅಳೆದಿದ್ದಾರೆ. ನೊಬೆಲ್ ಪುರಸ್ಕೃತರೊಬ್ಬರು ಮತ್ತು ಅಷ್ಟಾಗಿ ಹೆಸರು ಮಾಡದ ಕಿರಿಯರೊಬ್ಬರು ಸೇರಿ ಬರೆದ ಒಂದೇ ಪ್ರಬಂಧವನ್ನು ಐನೂರಕ್ಕೂ ಹೆಚ್ಚು ವಿಮರ್ಶಕರು ಓದಿದರು. ನೊಬೆಲ್ ಪುರಸ್ಕೃತರ ಹೆಸರು ಮಾತ್ರ ಕಂಡವರಲ್ಲಿ ಸುಮಾರು ಶೇ 23 ಮಂದಿ ತಿರಸ್ಕರಿಸಿದರು. ಹೆಸರೇ ಕಾಣದಿದ್ದಾಗ ಶೇ 48. ಕಿರಿಯರ ಹೆಸರು ಮಾತ್ರ ಕಂಡಾಗ ಶೇ 65. 2022ರಲ್ಲಿ ಪ್ರಕಟವಾದ ಫಲಿತಾಂಶ ಇದು. ದೂರದ, ಹೆಸರಿಲ್ಲದ ವಿಶ್ವವಿದ್ಯಾಲಯದಿಂದ ಬರೆಯುವವರು ಮೂರನೆಯ ಗುಂಪಿಗೆ ಸೇರಿದವರು. ಸಾರಾಂಶ, ಅನುದಾನ, ಪ್ರಶಸ್ತಿಯ ಮೊದಲ ಸುತ್ತು ಇವುಗಳಲ್ಲೆಲ್ಲ ಹೆಸರನ್ನೂ ಸಂಸ್ಥೆಯನ್ನೂ ಮರೆಮಾಡುವುದಕ್ಕೆ ತಂತ್ರಾಂಶದಲ್ಲಿ ಒಂದು ಗುರುತು ಹಾಕಿದರೆ ಸಾಕು.

ಇಷ್ಟೆಲ್ಲ ಮಾಡಿಯೂ ಕಾರ್ಯಕಾರಿ ಸಮಿತಿಯಲ್ಲಿ ಅವೇ ನಾಲ್ಕು ದೇಶಗಳಿದ್ದರೆ, ಮುಂದಿನ ಸಮಿತಿ ಬಂದಾಗ ಎಲ್ಲವೂ ಹಿಂದಕ್ಕೆ ಹೋಗುತ್ತದೆ. ಮತ ಎಣಿಕೆಯ ಬಗ್ಗೆ ವಿಜ್ಞಾನಿಗಳು ತೋರುವ ನಿರ್ಲಕ್ಷ್ಯ ನಿಜಕ್ಕೂ ಆಶ್ಚರ್ಯದ ವಿಷಯ. 1,400 ಮಂದಿ ಮತ ಹಾಕುತ್ತಾರೆ, 6 ಸ್ಥಾನಗಳಿವೆ ಎಂದುಕೊಳ್ಳಿ. 980 ಮತದಾರರು ಒಂದೆರಡು ಬಲಿಷ್ಠ ಪ್ರದೇಶಗಳವರು, 420 ಮಂದಿ ಉಳಿದ ಲೋಕದವರು. ಪ್ರತಿಯೊಬ್ಬರೂ ಆರು ಹೆಸರಿಗೆ ಗುರುತು ಹಾಕುವ ಸಾಮಾನ್ಯ ಪದ್ಧತಿಯಲ್ಲಿ, ತಮಗೆ ಪರಿಚಿತರನ್ನೇ ಎಲ್ಲರೂ ಆರಿಸಿದರೆ, ಆರೂ ಸ್ಥಾನ 980 ಮಂದಿಯ ಪಾಲು. ಯಾರ ಮನಸ್ಸಿನಲ್ಲೂ ಕೆಟ್ಟ ಉದ್ದೇಶ ಇರಬೇಕಿಲ್ಲ. ಇದೇ ಚುನಾವಣೆಯನ್ನು ವರ್ಗಾವಣೆಯಾಗಬಲ್ಲ ಪ್ರಾಶಸ್ತ್ಯ ಮತದಲ್ಲಿ ನಡೆಸಿ. ಇದರಲ್ಲಿ ಮತದಾರರು ಹೆಸರುಗಳಿಗೆ 1, 2, 3 ಎಂದು ಕ್ರಮ ಕೊಡುತ್ತಾರೆ, ಗೆದ್ದವರ ಹೆಚ್ಚುವರಿ ಮತವೂ ಸೋತವರ ಮತವೂ ಮುಂದಿನ ಹೆಸರಿಗೆ ಹೋಗುತ್ತವೆ. ಗೆಲ್ಲಲು ಬೇಕಾದ ಕೋಟಾ: 1,400ನ್ನು ಸ್ಥಾನಗಳಿಗಿಂತ ಒಂದು ಹೆಚ್ಚು, ಅಂದರೆ ಏಳರಿಂದ ಭಾಗಿಸಿ ಒಂದು ಸೇರಿಸಿದರೆ 201. ಎರಡು ಕೋಟಾಕ್ಕೆ 402 ಮತ. 420 ಮಂದಿ ತಮ್ಮವರಿಗೆ ಮೊದಲ ಪ್ರಾಶಸ್ತ್ಯಗಳನ್ನು ಕೊಟ್ಟರೆ ಎರಡು ಸ್ಥಾನ ಖಚಿತ. ಮೀಸಲು ಸ್ಥಾನದ ವಾದವಿವಾದವೇ ಬೇಕಿಲ್ಲ.

ಒಕ್ಕೂಟಗಳಲ್ಲಿ ದೇಶಗಳೇ ಸದಸ್ಯರು. ಅಂತರರಾಷ್ಟ್ರೀಯ ಗಣಿತ ಒಕ್ಕೂಟದಲ್ಲಿ ದೇಶಗಳು ಐದು ಗುಂಪುಗಳಲ್ಲಿದ್ದು ಒಂದರಿಂದ ಐದು ಮತ ಪಡೆಯುತ್ತವೆ. ಸಹಸದಸ್ಯ ದೇಶ ಶುಲ್ಕ ಕೊಡುವುದಿಲ್ಲ, ಮತವೂ ಅದಕ್ಕಿಲ್ಲ. ಸಹಸದಸ್ಯತ್ವ ಒಳ್ಳೆಯ ಮೊದಲ ಮೆಟ್ಟಿಲು. ಆದರೆ ದೇಶಗಳು ಅಲ್ಲೇ ನಿಂತುಬಿಡದಂತೆ, ಇಷ್ಟು ವರ್ಷದೊಳಗೆ ಕಡಿಮೆ ಶುಲ್ಕದ ಪೂರ್ಣ ಸದಸ್ಯತ್ವ ಎಂಬ ಗಡುವನ್ನು ಎಲ್ಲ ಒಕ್ಕೂಟಗಳೂ ನಿಯಮದಲ್ಲೇ ಬರೆಯಬೇಕು. ಫೆಲೋ, ಅಂದರೆ ಸಂಘ ಗೌರವಿಸಿ ಆರಿಸುವ ಸದಸ್ಯರ, ಆಯ್ಕೆಯಲ್ಲಿ ಇನ್ನೊಂದು ಬೀಗವಿದೆ: ಫೆಲೋಗಳು ಮಾತ್ರ ಹೆಸರು ಸೂಚಿಸಬಹುದು ಎಂಬ ನಿಯಮ. ಒಬ್ಬ ಫೆಲೋ ಕೂಡ ಇಲ್ಲದ ದೇಶದಿಂದ ಹೆಸರು ಬರುವುದಾದರೂ ಹೇಗೆ? ಯಾವ ಸದಸ್ಯರಾದರೂ ಸೂಚಿಸಬಹುದು ಎಂದು ತಿದ್ದಿ, ಹೆಸರು ಬಾರದ ಪ್ರದೇಶಗಳಲ್ಲಿ ಹುಡುಕುವ ಹೊಣೆಯನ್ನು ಒಂದು ಉಪಸಮಿತಿಗೆ ವಹಿಸಿ.

ಸಂಘದ ಪತ್ರಿಕೆಗಳ ಬಗ್ಗೆ ಎರಡೇ ಮಾತು. ಹಲವು ಸಂಘಗಳ ಆದಾಯ ಅಲ್ಲಿಂದಲೇ ಬರುವುದರಿಂದ ಈ ಚರ್ಚೆ ಪ್ರತಿ ಸಲ ಮುಂದಕ್ಕೆ ಹೋಗುತ್ತದೆ. ಓದುಗರಿಗೆ ಉಚಿತವಾಗಲೆಂದು ಲೇಖಕರೇ ಹಣ ಕೊಡುವ ಮುಕ್ತ ಪ್ರಕಟಣೆಯಲ್ಲಿ ಮನ್ನಾ ಸಿಗುವುದು ಸಾಮಾನ್ಯವಾಗಿ ಪತ್ರವ್ಯವಹಾರ ನಡೆಸುವ ಲೇಖಕರ ದೇಶ ನೋಡಿ. ಹಾಗಾಗಿ ಯಾರು ಆ ಲೇಖಕರಾಗಬೇಕು ಎಂಬುದನ್ನೇ ಹಣ ನಿರ್ಧರಿಸತೊಡಗುತ್ತದೆ. ಲೇಖಕರಿಂದಲೂ ಓದುಗರಿಂದಲೂ ಹಣ ಪಡೆಯದೆ ಪತ್ರಿಕೆ ನಡೆಸಬಹುದು ಎಂಬುದಕ್ಕೆ, 1990ರ ದಶಕದ ಕೊನೆಯಲ್ಲಿ ಬ್ರೆಜಿಲ್‌ನಲ್ಲಿ ಸಾರ್ವಜನಿಕ ಹಣದಿಂದ ಆರಂಭವಾದ ಸೈಯೆಲೊ ಜಾಲದ ಅನೇಕ ಪತ್ರಿಕೆಗಳೇ ಸಾಕ್ಷಿ.

ಕೊನೆಯದಾಗಿ ಕ್ರಮ. ಸಂಘದ ಸಂವಿಧಾನದ ತಿದ್ದುಪಡಿಗೆ ಸಾಮಾನ್ಯವಾಗಿ ಸರ್ವಸದಸ್ಯರ ಸಭೆ, ಮೂರನೇ ಎರಡರಷ್ಟು ಬಹುಮತ, ತಿಂಗಳುಗಳ ಮುಂಚಿನ ನೋಟಿಸ್ ಬೇಕು. ನಾಲ್ಕು ವರ್ಷಕ್ಕೊಮ್ಮೆ ಸೇರುವ ಸಂಘದಲ್ಲಿ ಒಂದು ಗಡುವು ತಪ್ಪಿದರೆ ನಾಲ್ಕು ವರ್ಷ ಹೋಯಿತು. ಆದ್ದರಿಂದ ಮತದಾನ ಪದ್ಧತಿ ಮತ್ತು ಸದಸ್ಯ ವರ್ಗಗಳ ತಿದ್ದುಪಡಿಯ ಕರಡು ಮೊದಲು ಸಿದ್ಧವಾಗಲಿ. ಆಹ್ವಾನ ಪತ್ರ, ಟಿಕೆಟ್, ಅಂಕಪಟ್ಟಿ, ಸಭೆಯ ಸಮಯ ಇವು ಕಾರ್ಯಕಾರಿ ಸಮಿತಿಯ ಒಂದು ನಿರ್ಣಯದಿಂದ ಮುಂದಿನ ತಿಂಗಳೇ ಬದಲಾಗಬಲ್ಲವು. ಇವತ್ತಿನಿಂದಲೇ ಅಂಕಿಅಂಶ ಸಂಗ್ರಹಿಸಿ. ಒಟ್ಟು ಸದಸ್ಯರ ದೇಶವಾರು ಪಟ್ಟಿ ಮಾತ್ರ ಸಾಲದು. ಸಾರಾಂಶ ಕಳುಹಿಸಿದವರು, ಸ್ವೀಕೃತರಾದವರು, ವೀಸಾ ಕೇಳಿದವರು, ಪಡೆದವರು, ಬಂದು ಮಾತಾಡಿದವರು, ಸಮಿತಿಗೆ ನಿಂತವರು, ಗೆದ್ದವರು, ಹೀಗೆ ಹಂತಹಂತವಾಗಿ ದೇಶವಾರು ಎಣಿಸಿ ಪ್ರತಿ ವರ್ಷ ಪ್ರಕಟಿಸಿ. ಯಾವ ಎರಡು ಹಂತಗಳ ನಡುವೆ ಜನ ಕಳಚಿಹೋಗುತ್ತಾರೋ, ಮೊದಲು ತಿದ್ದಬೇಕಾದ ಫಾರ್ಮು ಅಲ್ಲಿದೆ.