ನಲವತ್ತರಲ್ಲಿ ಮೂವತ್ತೊಂಬತ್ತು: ಎಡ್ ಟೆಂಪಲ್ ಮೇಷ್ಟ್ರ ಲೆಕ್ಕ

ಅಧ್ಯಕ್ಷರೇ, ಪ್ರಾಂಶುಪಾಲರೇ, ಬೇರೆ ಬೇರೆ ಕಾಲೇಜುಗಳಿಂದ ಬಂದಿರುವ ದೈಹಿಕ ಶಿಕ್ಷಣ ನಿರ್ದೇಶಕರೇ, ನಾಳೆ ಓಡಲಿರುವ ಮಕ್ಕಳೇ,

ಪ್ರತಿ ಕ್ರೀಡಾಕೂಟ ಮುಗಿದಾಗಲೂ ನಾವು ಒಂದು ಲೆಕ್ಕ ಹಾಕುತ್ತೇವೆ. ಯಾವ ಕಾಲೇಜಿಗೆ ಎಷ್ಟು ಚಿನ್ನ, ಸಮಗ್ರ ಪ್ರಶಸ್ತಿ ಯಾರಿಗೆ. ಆ ಲೆಕ್ಕ ಬೇಕು, ನಾನೂ ಹಾಕುತ್ತೇನೆ. ಆದರೆ ಓಡಿದ ಮಕ್ಕಳಲ್ಲಿ ಎಷ್ಟು ಜನ ಡಿಗ್ರಿ ಮುಗಿಸಿದರು ಎಂದು ಯಾರೂ ಕೇಳುವುದಿಲ್ಲ. ಅದನ್ನು ಜೀವನಪೂರ್ತಿ ಕೇಳಿಕೊಂಡು ಬಂದ ಒಬ್ಬರ ಕಥೆ ಹೇಳುವುದಕ್ಕೆ ಇವತ್ತು ನಿಂತಿದ್ದೇನೆ. ಅವರು ಅಮೆರಿಕದ ನ್ಯಾಶ್‌ವಿಲ್ ಊರಿನ ಟೆನೆಸೀ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಹುಡುಗಿಯರ ಟ್ರ್ಯಾಕ್ ತಂಡ ಕಟ್ಟಿದ ಎಡ್ ಟೆಂಪಲ್. ಪಾಠವನ್ನೂ ಮಾಡುತ್ತಿದ್ದರು, ಸಮಾಜಶಾಸ್ತ್ರದ ಪಾಠ. ಹಾಗಾಗಿ ನಾನು ಅವರನ್ನು ಟೆಂಪಲ್ ಮೇಷ್ಟ್ರು ಎಂದೇ ಕರೆಯುತ್ತೇನೆ.

ಅವರ ತಂಡಕ್ಕೆ ‘ಟೈಗರ್‌ಬೆಲ್ಸ್’ ಎಂದು ಹೆಸರು. ಆ ತಂಡದಿಂದ 40 ಹುಡುಗಿಯರು ಒಲಿಂಪಿಕ್ಸ್‌ಗೆ ಹೋದರು, 23 ಪದಕ ತಂದರು, ಅದರಲ್ಲಿ 13 ಚಿನ್ನ. ಇಡೀ ದೇಶದ ಪದಕವಲ್ಲ ಇದು, ಒಂದೇ ಕಾಲೇಜಿನದು! ಆದರೆ ಮೇಷ್ಟ್ರು ಎದೆಯುಬ್ಬಿಸಿ ಹೇಳಿಕೊಳ್ಳುತ್ತಿದ್ದ ಸಂಖ್ಯೆ ಬೇರೆ. ಆ 40 ಜನರಲ್ಲಿ 39 ಜನ ಡಿಗ್ರಿ ಪಡೆದರು. ಈ 39ನ್ನು ಮರೆಯಬೇಡಿ, ಮತ್ತೆ ಮತ್ತೆ ಬರುತ್ತೇನೆ ಇದಕ್ಕೆ.

ಸೌಲಭ್ಯ ಚೆನ್ನಾಗಿತ್ತು, ಅದಕ್ಕೇ ಆಯಿತು ಎಂದುಕೊಳ್ಳುತ್ತೀರೇನೋ. ಕೇಳಿ. 1950ರಲ್ಲಿ ಅವರಿಗೆ 23 ವರ್ಷ ತುಂಬಿದ ಆಸುಪಾಸು. ಅದೇ ಕಾಲೇಜಿನಲ್ಲಿ ಓದಿ ಆಗಷ್ಟೇ ಡಿಗ್ರಿ ಮುಗಿಸಿದ್ದರು. ತಿಂಗಳಿಗೆ 150 ಡಾಲರ್. ಆ ಸಂಬಳಕ್ಕೆ ಕ್ಯಾಂಪಸ್ಸಿನ ಅಂಚೆ ಕಚೇರಿ ನೋಡಿಕೊಳ್ಳಬೇಕು, ಮುಂದಿನ ಓದು ಓದಬೇಕು, ಜೊತೆಗೆ ಹುಡುಗಿಯರ ತಂಡವನ್ನೂ ಕಟ್ಟಬೇಕು. ಟ್ರ್ಯಾಕ್ ಅಂದರೆ ಪೂರ್ತಿಯಾಗದ ಒಂದು ಮಣ್ಣಿನ ಸುತ್ತು, ಅದರ ಒಂದು ತುದಿ ಕಸದ ಗುಂಡಿಯ ಹತ್ತಿರ. ಲೇನಿನ ಗೆರೆಗಳನ್ನು ಸುಣ್ಣ ಹಾಕಿ ಮೇಷ್ಟ್ರೇ ಎಳೆಯಬೇಕು. ಇಲ್ಲಿ ಮುಂದಿನ ಸಾಲಿನಲ್ಲಿ ಕೂತವರು ನಗುತ್ತಿದ್ದೀರಿ! ನಿನ್ನೆ ಸಂಜೆ ಹಗ್ಗ ಹಿಡಿದು, ಯಾವ ಲೇನಿನ ಸ್ಟಾರ್ಟು ಎಷ್ಟು ಮುಂದೆ ಎಂದು ಸ್ಟ್ಯಾಗರ್ ಅಳೆದು, ಬಕೆಟ್ಟಿನಲ್ಲಿ ಸುಣ್ಣದ ಪುಡಿ ಹೊತ್ತು ಎಂಟು ಲೇನು ಎಳೆದವರು ನೀವೇ ಅಲ್ಲವೇ? ಬೆರಳ ಸಂದಿಯಲ್ಲಿ ಆ ಸುಣ್ಣದ ಉರಿ ಇನ್ನೂ ಇರಬೇಕು. ಆ ಉರಿ ಗೊತ್ತಿದ್ದ ಕೋಚ್ ಅವರು.

ಅಥ್ಲೆಟಿಕ್ ಸ್ಕಾಲರ್‌ಶಿಪ್ ಎಂಬುದು ಆ ಹುಡುಗಿಯರಿಗೆ ಅರವತ್ತರ ದಶಕದ ಕೊನೆಯವರೆಗೆ ಇರಲೇ ಇಲ್ಲ. ದಿನಕ್ಕೆ ಎರಡು ಗಂಟೆ ಕ್ಯಾಂಪಸ್ಸಿನಲ್ಲಿ ಕೆಲಸ ಮಾಡಿ ಫೀಸು ತುಂಬಿಕೊಂಡು ಓದಬೇಕಿತ್ತು. ಅಂದರೆ ಒಲಿಂಪಿಕ್ ಚಿನ್ನ ಗೆದ್ದು ಬಂದವಳಿಗೂ ಕ್ಲಾಸು, ಕೆಲಸ, ಪ್ರಾಕ್ಟೀಸು, ಮೂರೂ ತಪ್ಪುವಂತಿರಲಿಲ್ಲ.

ಇನ್ನು ಪ್ರಯಾಣ. ಅದು ಅಮೆರಿಕದ ದಕ್ಷಿಣ ಭಾಗ, ಐವತ್ತರ ದಶಕ, ಇವರೆಲ್ಲ ಕಪ್ಪು ಜನ. ಹೋಟೆಲಿನಲ್ಲಿ ಕೂತು ತಿನ್ನುವಂತಿಲ್ಲ, ಪೆಟ್ರೋಲ್ ಬಂಕಿನ ಶೌಚಾಲಯಕ್ಕೆ ಹೋಗುವಂತಿಲ್ಲ. ಅಲಬಾಮದ ಟಸ್ಕೀಗಿಯ ಕೂಟಕ್ಕೆ ಹೊರಟರೆ ಮೇಷ್ಟ್ರ ಸ್ಟೇಷನ್ ವ್ಯಾಗನ್ನಿನಲ್ಲಿ ಹುಡುಗಿಯರು ಒಬ್ಬರ ಮೇಲೊಬ್ಬರು ಒತ್ತಿಕೊಂಡು ಕೂರಬೇಕು. ಬುತ್ತಿಯನ್ನು ಕಾರಿನಲ್ಲೇ ಬಿಚ್ಚಿ ತಿನ್ನಬೇಕು. ಬಹಿರ್ದೆಸೆಗೆ ರಸ್ತೆ ಬದಿಯ ಹೊಲ. ಹಾಗೆ ಮೈ ಮುದುಡಿಕೊಂಡು ಹೋಗಿ, ಇಳಿದು, ಕಾಲು ಸಡಿಲಿಸಿಕೊಂಡು ಓಡಿ ಗೆಲ್ಲಬೇಕು. ಗೆದ್ದರು ಕೂಡ. ಆವರೆಗೆ ದೇಶವನ್ನೇ ಆಳುತ್ತಿದ್ದ ಟಸ್ಕೀಗಿ ತಂಡವನ್ನು ಹಿಂದೆ ಹಾಕಿ 1955ರಲ್ಲಿ ರಾಷ್ಟ್ರೀಯ ಚಾಂಪಿಯನ್ ಆದರು. ಮುಂದೆ ಅಂಥ ರಾಷ್ಟ್ರೀಯ ಪ್ರಶಸ್ತಿಗಳು 34 ಬಂದವು.

ಈಗ ಈ ತಂಡದ ಓಟಗಾರ್ತಿ ವಿಲ್ಮಾ ರುಡಾಲ್ಫ್. ಅವರ ಬಾಲ್ಯ ನಿಮಗೆಲ್ಲ ಗೊತ್ತು, ಪೋಲಿಯೊ, ಕಾಲಿಗೆ ಕಟ್ಟಿದ ಬ್ರೇಸು, 22 ಮಕ್ಕಳಲ್ಲಿ 20ನೆಯವಳು. ಅದನ್ನು ನಾನು ಹೇಳುವುದಿಲ್ಲ. ಅವರ ಕಥೆಯಲ್ಲಿ ನಾವು ಯಾವಾಗಲೂ ಹಾರಿಸಿಬಿಡುವ ಭಾಗವನ್ನು ಹೇಳುತ್ತೇನೆ. ಮೇಷ್ಟ್ರು ಆಕೆಯನ್ನು ಮೊದಲು ನೋಡಿದ್ದು ಟ್ರ್ಯಾಕಿನಲ್ಲಲ್ಲ, ಹೈಸ್ಕೂಲಿನ ಬಾಸ್ಕೆಟ್‌ಬಾಲ್ ಪಂದ್ಯದಲ್ಲಿ. ಇವರು ಅಲ್ಲಿ ರೆಫರಿ! ಸೀಟಿ ಊದುತ್ತಲೇ ಆ ಉದ್ದ ಕಾಲಿನ ಹುಡುಗಿಯನ್ನು ಗುರುತಿಸಿಟ್ಟುಕೊಂಡರು. ನಮ್ಮಲ್ಲಿ ಕಬಡ್ಡಿ, ಖೋ ಖೋ ಅಂಕಣದ ಪಕ್ಕ ಕೂತು ಓಟಗಾರ್ತಿಯನ್ನು ಹುಡುಕಿದವರು ಈ ಸಭಾಂಗಣದಲ್ಲೂ ಇದ್ದಾರೆ, ನನಗೆ ಗೊತ್ತು, ಅವರಿಗೆ ನಮಸ್ಕಾರ.

ಬೇಸಿಗೆ ರಜೆಯಲ್ಲಿ ಹೈಸ್ಕೂಲು ಹುಡುಗಿಯರನ್ನು ನ್ಯಾಶ್‌ವಿಲ್‌ಗೆ ಕರೆಸಿಕೊಂಡು ಮೇಷ್ಟ್ರು ಶಿಬಿರ ನಡೆಸುತ್ತಿದ್ದರು. ದಿನಕ್ಕೆ ಮೂರು ಬಾರಿ ತರಬೇತಿ, ಮೊದಲನೆಯದು ನಸುಕಿನಲ್ಲಿ. ಅವರ ಒಂದು ನಿಯಮ, ಪ್ರಾಕ್ಟೀಸಿಗೆ ಎಷ್ಟು ನಿಮಿಷ ತಡವೋ ಅಷ್ಟು ಸುತ್ತು ಹೆಚ್ಚಿಗೆ. ಒಂದು ದಿನ ವಿಲ್ಮಾ ನಿದ್ದೆ ಹೋಗಿ ಅರ್ಧ ಗಂಟೆ ತಡವಾಗಿ ಬಂದಳು. ಸುಮ್ಮನೆ ಊಹಿಸಿಕೊಳ್ಳಿ, ಅಂಥ ಪ್ರತಿಭೆಯ ಹುಡುಗಿ, ಸ್ಪ್ರಿಂಟರ್ ಬೇರೆ. ನಾವಾಗಿದ್ದರೆ ಏನು ಮಾಡುತ್ತಿದ್ದೆವು? “ಹೋಗಲಿ ಬಿಡಮ್ಮ, ಇನ್ನು ಮೇಲೆ ಹೀಗೆ ಮಾಡಬೇಡ” ಅನ್ನುತ್ತಿದ್ದೆವು, ಕೂಟ ಹತ್ತಿರವಿದ್ದರೆ ಅದನ್ನೂ ಅನ್ನುತ್ತಿರಲಿಲ್ಲ. ಮೇಷ್ಟ್ರು 30 ಸುತ್ತು ಹಾಕಿಸಿದರು. ಸುತ್ತಿಗೆ 440 ಗಜ ಹಿಡಿದರೆ ಸುಮಾರು 12 ಕಿಲೋಮೀಟರ್. ನೂರು ಮೀಟರ್ ಓಡುವ ಹುಡುಗಿಗೆ! ಜೊತೆಯವರು ತಮ್ಮ ವರ್ಕೌಟ್ ಮಾಡುತ್ತಿದ್ದಾರೆ, ಇವಳು ಸುತ್ತುತ್ತಲೇ ಇದ್ದಾಳೆ. ಮರುದಿನ ಮೇಷ್ಟ್ರು ಬರುವಾಗ ವಿಲ್ಮಾ ಅರ್ಧ ಗಂಟೆ ಮೊದಲೇ ಬಂದು ಟ್ರ್ಯಾಕಿನಲ್ಲಿ ಕೂತಿದ್ದಳು.

ಇದನ್ನು ಶಿಸ್ತಿನ ಕಥೆ ಎಂದು ಹೇಳಿ ಮುಗಿಸುವವರು ಇದ್ದಾರೆ. ನನಗೆ ಅಷ್ಟೇ ಸಾಲದು. ಅದೇ ಮೇಷ್ಟ್ರ ಇನ್ನೊಂದು ನಿಯಮ, ತಾಯಿಯಾದವರನ್ನು ತಂಡಕ್ಕೆ ಸೇರಿಸಿಕೊಳ್ಳುವುದಿಲ್ಲ ಎಂಬುದು. 1958ರಲ್ಲಿ ಕಾಲೇಜು ಸೇರುವ ಹೊತ್ತಿಗೆ ವಿಲ್ಮಾಗೆ ಮಗು ಆಯಿತು. ಊರ ಬಾಯಿ ಕೇಳಬೇಕೆ? ಮೇಷ್ಟ್ರು ನಿಯಮವನ್ನು ಪಕ್ಕಕ್ಕಿಟ್ಟು ಆ ಹುಡುಗಿಯನ್ನು ಸೇರಿಸಿಕೊಂಡರು. ಅರ್ಧ ಗಂಟೆ ತಡಕ್ಕೆ ರಿಯಾಯಿತಿ ಕೊಡದವರು ಓದು ನಿಂತುಹೋಗುವ ಜಾಗದಲ್ಲಿ ಬಾಗಿದರು. ನಮ್ಮಲ್ಲಿ ಇದು ತಿರುಗುಮುರುಗು. ಮೈದಾನದಲ್ಲಿ ಸಡಿಲ ಬಿಡುತ್ತೇವೆ, ಆಫೀಸಿನಲ್ಲಿ ಬಿಗಿ ಹಿಡಿಯುತ್ತೇವೆ. ನಾನು ಬಲ್ಲ ಒಬ್ಬ ಹುಡುಗಿ ವಿಶ್ವವಿದ್ಯಾಲಯದ ಜೆರ್ಸಿ ಹಾಕಿಕೊಂಡು ಕೂಟಕ್ಕೆ ಹೋಗಿದ್ದಳು. ಅದೇ ದಿನಗಳ ಹಾಜರಾತಿ ಕಡಿಮೆ ಎಂದು ಹಾಲ್ ಟಿಕೆಟ್ ತಡೆದರು. ಡ್ಯೂಟಿ ಲೀವ್ ಪತ್ರ ಮೂರು ಟೇಬಲ್ ದಾಟಲಿಲ್ಲ. ಆಕೆ ಓಟವನ್ನೂ ಬಿಟ್ಟಳು, ಓದನ್ನೂ ಬಿಟ್ಟಳು. ನನಗೆ ಆ ಸಿಟ್ಟು ಇನ್ನೂ ಇಳಿದಿಲ್ಲ.

ಸರಿ, ರೋಮ್, 1960. ಅಮೆರಿಕದ ಮಹಿಳಾ ತಂಡಕ್ಕೆ ಟೆಂಪಲ್ ಮೇಷ್ಟ್ರೇ ಕೋಚ್. ವಿಲ್ಮಾ 100 ಗೆದ್ದಳು, 200 ಗೆದ್ದಳು. ಉಳಿದದ್ದು 4x100 ರಿಲೇ. ಮಾರ್ಥಾ ಹಡ್ಸನ್, ಲುಸಿಂಡಾ ವಿಲಿಯಮ್ಸ್, ಬಾರ್ಬರಾ ಜೋನ್ಸ್, ವಿಲ್ಮಾ, ನಾಲ್ವರೂ ಟೈಗರ್‌ಬೆಲ್ಸ್. ದೇಶದ ರಿಲೇ ತಂಡ ಅಂದರೆ ಆ ಮಣ್ಣಿನ ಟ್ರ್ಯಾಕಿನ ತಂಡವೇ! ಸೆಮಿಫೈನಲ್ಲಿನಲ್ಲಿ 44.4, ವಿಶ್ವ ದಾಖಲೆ. ಫೈನಲ್ಲಿನಲ್ಲಿ ಬಾರ್ಬರಾಳಿಂದ ವಿಲ್ಮಾಗೆ ಕೊನೆಯ ಎಕ್ಸ್‌ಚೇಂಜ್. ಬ್ಯಾಟನ್ ಕೈಗೆ ಸರಿಯಾಗಿ ಕೂರಲಿಲ್ಲ. ರಿಲೇ ಓಡಿದವರಿಗೆ ಗೊತ್ತು, ಆ ಗಳಿಗೆಯಲ್ಲಿ ಕಾಲು ತಾನಾಗಿ ತಡೆಯುತ್ತದೆ, ಹಿಂದೆ ತಿರುಗಿ ನೋಡಿದರೆ ಮುಗಿಯಿತು. ವಿಲ್ಮಾಳ ವೇಗ ಮುರಿಯಿತು, ಜರ್ಮನಿಯ ಯುಟ್ಟಾ ಹೈನೆ ಮುಂದೆ ಹೋದಳು. 200 ಮೀಟರಿನಲ್ಲಿ ಬೆಳ್ಳಿ ಗೆದ್ದವಳೇ ಆಕೆ, ಸಾಮಾನ್ಯದವಳಲ್ಲ. ವಿಲ್ಮಾ ಕೋಲು ಭದ್ರ ಹಿಡಿದು ಮತ್ತೆ ಹೆಜ್ಜೆ ಬಿಚ್ಚಿದಳು, ಹಿಡಿದಳು, ದಾಟಿದಳು. 44.5. ಜರ್ಮನಿ 44.8. ಮೂರು ಚಿನ್ನ. ಊರಿಗೆ, ಕ್ಲಾರ್ಕ್ಸ್‌ವಿಲ್‌ಗೆ, ಮರಳಿದಾಗ ಮೆರವಣಿಗೆ ಮಾಡುತ್ತೇವೆ ಎಂದರು. ಕಪ್ಪು ಜನ, ಬಿಳಿ ಜನ ಒಟ್ಟಿಗೆ ಇದ್ದರೆ ಮಾತ್ರ ಬರುತ್ತೇನೆ ಎಂದಳು ಇಪ್ಪತ್ತರ ಹುಡುಗಿ. ಆ ಊರಿನಲ್ಲಿ ಅಂಥ ಸಮಾರಂಭ ಅದೇ ಮೊದಲು.

ಆದರೆ ಮೂರು ಚಿನ್ನದಿಂದ ಮನೆಗೆ ಏನು ಬಂತು? ಆಗ ಅಮೆಚೂರ್ ನಿಯಮ, ದುಡ್ಡು ಮುಟ್ಟುವಂತಿಲ್ಲ. ವಿಲ್ಮಾ 1962ರಲ್ಲಿ ಓಟ ನಿಲ್ಲಿಸಿದಳು, 1963ರಲ್ಲಿ ಡಿಗ್ರಿ ಮುಗಿಸಿದಳು, ಊರಿಗೆ ಹೋಗಿ ಪ್ರಾಥಮಿಕ ಶಾಲೆಯಲ್ಲಿ ಟೀಚರ್ ಆದಳು. ಲುಸಿಂಡಾ ಕೂಡ ಶಿಕ್ಷಣ ಕ್ಷೇತ್ರಕ್ಕೇ ಹೋದರು. ಕೈ ಹಿಡಿದದ್ದು ಆ ಡಿಗ್ರಿ. 39ರ ಅರ್ಥ ಇಷ್ಟೇ, ಮೇಷ್ಟ್ರಿಗೆ ಇದು ಮೊದಲೇ ಗೊತ್ತಿತ್ತು.

ಅವರು ಮಾಡಿದ್ದೆಲ್ಲ ಸರಿ ಎಂದು ನಾನು ಹೇಳುವುದಿಲ್ಲ. ಹುಡುಗಿಯರು ಹೇಗೆ ಕಾಣಬೇಕು, ಯಾರ ಕಾರು ಹತ್ತಬಾರದು ಎಂದೆಲ್ಲ ಕಟ್ಟಳೆ ಇತ್ತು. ಓಡುವ ಹೆಂಗಸು ಹೆಂಗಸೇ ಅಲ್ಲ ಎಂದು ಜರೆಯುತ್ತಿದ್ದ ಕಾಲ, ಬಾಯಿ ಮುಚ್ಚಿಸಲು ಹಾಗೆ ಮಾಡಿದರು. ಇವತ್ತು ಯಾರಾದರೂ ಆ ಕಟ್ಟಳೆಗಳನ್ನು ನಮ್ಮ ಹಾಸ್ಟೆಲಿಗೆ ತಂದರೆ ನಾನು ವಿರೋಧಿಸುತ್ತೇನೆ. ಆದರೆ ಓದಿನ ವಿಷಯದಲ್ಲಿ ಅವರ ಬಿಗಿ ನಮಗೆ ಬೇಕೇ ಬೇಕು.

ಚೀಟಿ ಬಂತು, ಹತ್ತು ನಿಮಿಷವಂತೆ. ವಯೋಮಿಯಾ ಟೈಯಸ್ ಬಗ್ಗೆ ಹೇಳದೆ ಕೆಳಗಿಳಿಯಲಾರೆ. ಜಾರ್ಜಿಯಾದ ಗ್ರಿಫಿನ್ ಊರಿನ ಹುಡುಗಿ, ಬೇಸಿಗೆ ಶಿಬಿರಕ್ಕೆ ಬಂದಾಗ ಹದಿನೈದು ವರ್ಷ. 1964ರ ಟೋಕಿಯೊದಲ್ಲಿ 100 ಮೀಟರ್ ಚಿನ್ನ, ಎರಡನೆಯವಳು ಅದೇ ತಂಡದ ಎಡಿತ್ ಮೆಕ್‌ಗ್ವೈರ್. ಎಡಿತ್ 200 ಗೆದ್ದಳು. 1968ರ ಮೆಕ್ಸಿಕೊದಲ್ಲಿ ಸ್ಟಾರ್ಟಿಗೆ ಮುಂಚೆ ಬ್ಲಾಕುಗಳ ಹಿಂದೆ ನಿಂತು ಟೈಯಸ್ ಡಾನ್ಸ್ ಮಾಡಿದಳು, ಮೈ ಸಡಿಲವಾಗಲಿ ಎಂದು. ಆಮೇಲೆ 11.0, ವಿಶ್ವ ದಾಖಲೆ. ಒಲಿಂಪಿಕ್ 100 ಮೀಟರ್ ಚಿನ್ನವನ್ನು ಸತತ ಎರಡು ಬಾರಿ ಗೆದ್ದ ಮೊದಲಿಗರು ಗಂಡಸರಲ್ಲ, ಈಕೆ. ಕಾರ್ಲ್ ಲೂಯಿಸ್‌ಗೆ ಆ ಗೌರವ ಸಿಕ್ಕಿದ್ದು ಇಪ್ಪತ್ತು ವರ್ಷ ಆದಮೇಲೆ. ಕ್ವಿಜ್‌ನಲ್ಲಿ ಕೇಳಿದರೆ ಮಕ್ಕಳು ಲೂಯಿಸ್ ಎನ್ನುತ್ತಾರೆ, ದಯವಿಟ್ಟು ತಿದ್ದಿ. ಅದೇ ಮೆಕ್ಸಿಕೊದಲ್ಲಿ ಮ್ಯಾಡಲೀನ್ ಮ್ಯಾನಿಂಗ್ 800 ಗೆದ್ದಳು, ಅವಳೂ ಇದೇ ತಂಡ.

ಕೊನೆಯ ದೊಡ್ಡ ಶಿಷ್ಯೆ ಚಾಂಡ್ರಾ ಚೀಸ್‌ಬರೋ. 1984ರ ಲಾಸ್ ಏಂಜಲೀಸ್, 400ರಲ್ಲಿ ಬೆಳ್ಳಿ, ಎರಡೂ ರಿಲೇಗಳಲ್ಲಿ ಚಿನ್ನ. ಆ 4x400 ಫೈನಲ್ಲಿನಲ್ಲಿ ಇನ್ನೊಂದು ಲೇನಿನಲ್ಲಿ ಭಾರತ ಓಡಿತು, ಉಷಾ, ಶೈನಿ, ವಲ್ಸಮ್ಮ, ಜೊತೆಗೆ ನಮ್ಮ ವಂದನಾ ರಾವ್. ಏಳನೆಯ ಸ್ಥಾನ, ಏಷ್ಯಾ ದಾಖಲೆ. ಟೆಂಪಲ್ ಮೇಷ್ಟ್ರ ಹುಡುಗಿ ಓಡಿದ ರೇಸಿನಲ್ಲಿ ಕನ್ನಡದ ಹುಡುಗಿಯೂ ಇದ್ದಳು ಎಂಬುದು ನನಗೆ ಯಾವಾಗಲೂ ಸಂತೋಷ ಕೊಡುವ ಸಂಗತಿ. ಚಾಂಡ್ರಾ ಮುಂದೆ ತನ್ನ ವಿಶ್ವವಿದ್ಯಾಲಯದಲ್ಲೇ ಕೋಚ್ ಆದಳು.

ಓದಿನ ಸಂಸ್ಥೆಗಳಲ್ಲಿ ಹೆಣ್ಣು ಗಂಡೆಂಬ ಭೇದ ಮಾಡಬಾರದು ಎಂದ 1972ರ ಟೈಟಲ್ ನೈನ್ ಕಾನೂನು, ಅದರಿಂದ ದೊಡ್ಡ ವಿಶ್ವವಿದ್ಯಾಲಯಗಳೆಲ್ಲ ಹುಡುಗಿಯರಿಗೆ ಸ್ಕಾಲರ್‌ಶಿಪ್ ಕೊಡಲು ಶುರು ಮಾಡಿದ್ದು, ಟೆನೆಸೀ ಸ್ಟೇಟಿನ ಪಾರುಪತ್ಯ ಹೋದದ್ದು, ಇದನ್ನೆಲ್ಲ ಬಿಡಿಸಿ ಹೇಳಬೇಕೆಂದಿದ್ದೆ, ಸಮಯವಿಲ್ಲ. ಮೇಷ್ಟ್ರು 1994ರಲ್ಲಿ ನಿವೃತ್ತರಾದರು, 2016ರಲ್ಲಿ 89ನೆಯ ವಯಸ್ಸಿನಲ್ಲಿ ತೀರಿಕೊಂಡರು. ಕಣ್ಣೆದುರೇ, 2015ರಲ್ಲಿ, ನ್ಯಾಶ್‌ವಿಲ್ ಅವರ ಕಂಚಿನ ಪ್ರತಿಮೆ ನಿಲ್ಲಿಸಿತು.

ನಿರ್ದೇಶಕ ಮಿತ್ರರಲ್ಲಿ ಒಂದೇ ಕೆಲಸ ಕೇಳುತ್ತೇನೆ. ನಾಳೆ ಕೂಟ ಮುಗಿದು ಪಾಯಿಂಟ್ಸ್ ಪಟ್ಟಿ ಸಹಿಯಾದ ಮೇಲೆ ಊರಿಗೆ ಹೋಗಿ, ಹತ್ತು ವರ್ಷಗಳಲ್ಲಿ ನಿಮ್ಮ ಕಾಲೇಜಿನ ಜೆರ್ಸಿ ಹಾಕಿದ ಹುಡುಗ ಹುಡುಗಿಯರ ಹೆಸರು ಬರೆಯಿರಿ. ಪ್ರತಿ ಹೆಸರಿನ ಮುಂದೆ ಡಿಗ್ರಿ ಆಯಿತೋ ಇಲ್ಲವೋ, ಆಗದಿದ್ದರೆ ಯಾವ ವಿಷಯ ಬಾಕಿ ಎಂದು ಬರೆಯಿರಿ. ಬಾಕಿ ಇರುವವರಿಗೆ ಫೋನ್ ಮಾಡಿ, ಮುಂದಿನ ಪರೀಕ್ಷೆಗೆ ಅರ್ಜಿ ಹಾಕಿಸಿ. ಪ್ರಾಂಶುಪಾಲರಲ್ಲಿ ಕೇಳುವುದು, ನಾಳೆ ಓಡುವ ಮಕ್ಕಳ ಡ್ಯೂಟಿ ಲೀವ್ ಪತ್ರಗಳಿಗೆ ಇವತ್ತೇ, ಊಟಕ್ಕೆ ಏಳುವ ಮೊದಲೇ ಸಹಿ ಮಾಡಿಕೊಡಿ. ಪತ್ರಗಳನ್ನು ಟೈಪ್ ಮಾಡಿಸಿ ತಂದಿದ್ದೇನೆ, ಈ ಫೈಲಿನಲ್ಲಿವೆ. ನಮಸ್ಕಾರ.