ಹಗ್ಗಕ್ಕೆ ನೇತುಹಾಕಿದ ಮುಖಪುಟ

ಎಲ್ಲರಿಗೂ ನಮಸ್ಕಾರ. ಕಾಲೇಜಿನ ವಾರ್ಷಿಕ ಸಂಚಿಕೆಯ ಕೆಲಸ ಶುರುವಾಗಿದೆ, ಮುಖಪುಟದ ಬಗ್ಗೆ ನಾಲ್ಕು ಮಾತು ಹೇಳಿ ಅಂತ ನಿಮ್ಮ ಮಾಷ್ಟ್ರು ಕರೆದರು. ಚಿತ್ರಕಲೆಯ ಪಾಠ ಮಾಡುವುದಿಲ್ಲ, ಹೆದರಬೇಡಿ.

ಇಲ್ಲಿಂದ ಹೋಗುವಾಗ ಕಾಸರಗೋಡು ಬಸ್‌ಸ್ಟ್ಯಾಂಡಿನ ಪೇಪರ್ ಅಂಗಡಿಯ ಮುಂದೆ ಸ್ವಲ್ಪ ನಿಲ್ಲಿ. 'ತರಂಗ', 'ಸುಧಾ' ಪಕ್ಕದಲ್ಲೇ ಮಲಯಾಳದ 'ವನಿತಾ', 'ಮಾತೃಭೂಮಿ'. ಇಂಥ ಅಂಗಡಿಗಳಲ್ಲಿ ಪತ್ರಿಕೆಗಳನ್ನು ಹಗ್ಗಕ್ಕೆ ಕ್ಲಿಪ್ ಹಾಕಿ ನೇತುಹಾಕುತ್ತಾರೆ, ಇಲ್ಲವೇ ಒಂದರ ಮೇಲೊಂದು ಜರುಗಿಸಿ ಇಡುತ್ತಾರೆ. ಮುಖಪುಟ ಪೂರ್ತಿ ಕಾಣುವುದೇ ಇಲ್ಲ. ಕಾಣುವುದು ಮೇಲಿನ ಒಂದು ಪಟ್ಟಿ, ಎಡಗಡೆಯ ಒಂದಿಷ್ಟು ಅಂಚು. ಪತ್ರಿಕೆಯ ಹೆಸರನ್ನು ತಲೆಯ ಮೇಲೆ ದಪ್ಪಗೆ ಹಾಕುವುದು ಅದಕ್ಕೇ. ಕಲಾವಿದರು ಕಂಪ್ಯೂಟರ್ ಮುಂದೆ ಕೂತು ಇಡೀ ಪುಟ ನೋಡುತ್ತಾರೆ. ಕೊಳ್ಳುವವರಿಗೆ ಸಿಗುವುದು ಆ ಪಟ್ಟಿ ಮಾತ್ರ, ಅದೂ ಬಸ್ಸು ಹೊರಡುವ ಗಡಿಬಿಡಿಯಲ್ಲಿ.

ನಮ್ಮೂರಿನಲ್ಲಿ ಇನ್ನೊಂದು ತೊಡಕಿದೆ. ಕನ್ನಡ, ಮಲಯಾಳ ಎರಡೂ ದುಂಡು ಲಿಪಿಗಳು. ತೆಳ್ಳಗಿನ ಅಕ್ಷರದಲ್ಲಿ ಹೆಸರು ಬರೆದರೆ ರಸ್ತೆಯ ಆಚೆಯಿಂದ ಯಾವುದು ಯಾವುದೆಂದು ಗೊತ್ತಾಗುವುದಿಲ್ಲ. ಹಾಗಾಗಿ ಓದುವುದಕ್ಕೆ ಮೊದಲೇ ಗುರುತು ಹತ್ತಬೇಕು. 'ಟೈಮ್' ಪತ್ರಿಕೆ 1927ರಿಂದ ಕೆಂಪು ಅಂಚು ಇಟ್ಟುಕೊಂಡಿದೆ. 'ನ್ಯಾಷನಲ್ ಜಿಯಾಗ್ರಫಿಕ್'ಗೆ ಹಳದಿ ಚೌಕಟ್ಟು. ಹೆಸರು ಮುಚ್ಚಿಟ್ಟರೂ ಅದೇ ಅಂತ ಹೇಳಬಹುದು, ಅಲ್ವಾ? ಪ್ರತಿ ಸಂಚಿಕೆಗೂ ಹೊಸ ವೇಷ ಹಾಕುವ ಪತ್ರಿಕೆಗೆ ಈ ಲಾಭ ಇಲ್ಲ.

ಚಿತ್ರಕ್ಕೆ ಬರೋಣ. ನಿಮ್ಮ ಮನೆಯ ಹಿರಿಯರನ್ನು 'ಚಂದಮಾಮ'ದ ಬಗ್ಗೆ ಕೇಳಿ. ಕನ್ನಡದಲ್ಲಿ ಅದು 1949ರಲ್ಲಿ ಶುರುವಾಯಿತು. ಮಲಯಾಳದಲ್ಲಿ ಅದೇ 'ಅಂಬಿಳಿ ಅಮ್ಮಾವನ್'. ಮದ್ರಾಸಿನಲ್ಲಿ ಬರೆಸಿದ ಚಿತ್ರಗಳನ್ನೇ ಹಲವು ಭಾಷೆಗಳಿಗೆ ಬಳಸುತ್ತಿದ್ದರು. ಎಂ.ಟಿ.ವಿ. ಆಚಾರ್ಯ, ವಡ್ಡಾದಿ ಪಾಪಯ್ಯ ಮುಖಪುಟ ಬರೆಯುತ್ತಿದ್ದ ಕಾಲ ಅದು. ಆ ಮುಖಪುಟಗಳ ಗುಟ್ಟು ಬಣ್ಣವಷ್ಟೇ ಅಲ್ಲ. ಕಥೆಯ ಅರ್ಧದಲ್ಲಿ ನಿಂತ ಒಂದು ಗಳಿಗೆಯನ್ನು ಬರೆಯುತ್ತಿದ್ದರು. ಬಿಲ್ಲು ಎತ್ತಿದ್ದಾನೆ, ಬಾಣ ಇನ್ನೂ ಬಿಟ್ಟಿಲ್ಲ. ಮುಂದೇನು? ಅದಕ್ಕೆ ಒಳಗೆ ಹೋಗಲೇಬೇಕು. ಅಕ್ಷರ ಬಾರದ ಮಗುವೂ ಅಪ್ಪನ ಕೈ ಜಗ್ಗುತ್ತಿತ್ತು.

ಇದಕ್ಕೆ ಪೂರ್ತಿ ಉಲ್ಟಾ 1980ರಲ್ಲಿ ಹೊರಟ 'ಲಂಕೇಶ್ ಪತ್ರಿಕೆ'. ನುಣುಪು ಕಾಗದ ಇಲ್ಲ, ಜಾಹೀರಾತೂ ಇಲ್ಲ. ಆದರೂ ಜನ ಹುಡುಕಿಕೊಂಡು ಹೋಗಿ ಕೊಂಡರು. ಒಳಗೆ ಖಾರ ಇದ್ದರೆ ಹೊರಗೆ ಮಿಂಚು ಬೇಕಾಗುವುದಿಲ್ಲ.

ಈಗಿನ ಎಷ್ಟೋ ಮುಖಪುಟಗಳ ಮೇಲೆ ನನಗೆ ತಕರಾರಿದೆ. ಒಂದು ನಗುವ ಮುಖ, ಅದರ ಸುತ್ತ ಏಳೆಂಟು ಶೀರ್ಷಿಕೆ, ಮೂಲೆಯಲ್ಲಿ ಬಹುಮಾನದ ಚೀಟಿ. ಯಾವುದನ್ನೂ ಬಿಡಲು ಸಂಪಾದಕರಿಗೆ ಮನಸ್ಸಿಲ್ಲ. ಎಲ್ಲವೂ ಕೂಗಿದರೆ ಯಾವುದೂ ಕೇಳಿಸುವುದಿಲ್ಲ. ಒಂದು ದೊಡ್ಡ ಸಾಲು, ಎರಡು ಸಣ್ಣವು. ಅಷ್ಟು ಸಾಕು ಅಂತ ನನ್ನ ಲೆಕ್ಕ.

ಫೋಟೋ ಎಳೆದು ಹಿಗ್ಗಿಸುವವರಿಗೆ ಒಂದು ಮಾತು. 1982ರ ಫೆಬ್ರವರಿಯ 'ನ್ಯಾಷನಲ್ ಜಿಯಾಗ್ರಫಿಕ್' ಮುಖಪುಟದಲ್ಲಿ ಗೀಜಾದ ಪಿರಮಿಡ್‌ಗಳಿದ್ದವು. ಅಡ್ಡ ಚಿತ್ರ ಉದ್ದ ಪುಟಕ್ಕೆ ಹಿಡಿಸಲಿಲ್ಲ, ಕಂಪ್ಯೂಟರಿನಲ್ಲಿ ಪಿರಮಿಡ್‌ಗಳನ್ನೇ ಹತ್ತಿರ ಸರಿಸಿಬಿಟ್ಟರು. ಆ ಟೀಕೆ ಇವತ್ತಿಗೂ ಅವರನ್ನು ಬಿಟ್ಟಿಲ್ಲ. ಮುಖಪುಟಕ್ಕೆ ಫೋಟೋ ತೆಗೆಯುವಾಗಲೇ ಫೋನನ್ನು ಉದ್ದಕ್ಕೆ ಹಿಡಿಯಿರಿ. ಮೇಲೆ ಹೆಸರು ಕೂರಲು ಖಾಲಿ ಆಕಾಶ ಬಿಡಿ.

ಇನ್ನು ನಿಮ್ಮ ಸಂಚಿಕೆ. ದಯವಿಟ್ಟು ಕಾಲೇಜಿನ ಕಟ್ಟಡದ ಫೋಟೋ ಬೇಡ. ಅದನ್ನು ನೀವು ದಿನಾ ನೋಡುತ್ತೀರಿ. ಯಕ್ಷಗಾನದ ಕಿರೀಟ, ತೆಯ್ಯಂ ಎಂಬ ದೈವನರ್ತನದ ಮುಖ ಸುಲಭವಾಗಿ ಸಿಗುತ್ತವೆ, ಆದರೆ ಒಳಗೆ ಅದರ ಬಗ್ಗೆ ಒಂದು ಲೇಖನವೂ ಇಲ್ಲದಿದ್ದರೆ ಅದೂ ಬೇಡ. ಒಳಗಿನ ಅತಿ ಒಳ್ಳೆಯ ಬರಹ ಯಾವುದು ಅಂತ ಮೊದಲು ಜಗಳವಾಡಿ ತೀರ್ಮಾನಿಸಿ, ಚಿತ್ರ ಅಲ್ಲಿಂದ ಬರಲಿ. ಆಮೇಲೆ ಪ್ರೆಸ್ಸಿನಲ್ಲಿ ಒಂದು ಬಣ್ಣದ ಪ್ರೂಫ್, ಅಂದರೆ ಮಾದರಿ ಪ್ರತಿ, ತೆಗೆಸಿ. ಫೋನಿನಲ್ಲಿ ಬೆಳಗುವ ನೀಲಿ, ಕಾಗದದ ಮೇಲೆ ಮಂಕಾಗುತ್ತದೆ. ಆ ಪ್ರೂಫನ್ನು ಗೋಡೆಗೆ ಅಂಟಿಸಿ, ಕೆಳಗಿನ ಮುಕ್ಕಾಲು ಭಾಗ ಮುಚ್ಚಿ, ಹತ್ತು ಹೆಜ್ಜೆ ಹಿಂದೆ ಹೋಗಿ ನೋಡಿ. ಹೆಸರು ಕಾಣದಿದ್ದರೆ ಮತ್ತೆ ಮಾಡಿ.